ಹೋಗುವಾಗ ಪರದೇಶ

ಈ ಪ್ರವಾಸಕ್ಕೆ ನನಗೆ ತಗುಲಿದ ಖರ್ಚು ಇಷ್ಟು: ಗ್ಯಾಸ್ ಬತ್ತಿಯ ಎರಡು ಗಾಜು, ಒಂದು ಒಳ್ಳೆಯ ಕೊಡೆ, ಹೆಂಡತಿಯ ಜೊತೆಗಿನ ಸುಮಾರು ಒಂದು ತಿಂಗಳ ಮಾತುಕತೆ, ಮತ್ತು ನಾನು ದುಡಿದು ಗಳಿಸಿದ ನನ್ನ ಹೆಸರು. ದುಡ್ಡಿನ ಲೆಕ್ಕ ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ಒಬ್ಬರಾದರೂ ‘ಇದಕ್ಕಿಂತ ಅಗ್ಗದಲ್ಲಿ ಹೋಗಿಬರಬಹುದಿತ್ತಲ್ಲ’ ಎನ್ನುತ್ತಾರೆ. ಆ ಮಾತನ್ನು ಶಿರಸಿ ಪೇಟೆಯಲ್ಲಿ ನನ್ನ ಬಗ್ಗೆ ಇದುವರೆಗೆ ಯಾರೂ ಆಡಿಲ್ಲ, ಆಡಲು ನಾನು ಆಸ್ಪದ ಕೊಡುವುದೂ ಇಲ್ಲ.

ಹೆಸರು ಹೇಗೆ ಖರ್ಚಾಯಿತು ಎಂಬುದಷ್ಟನ್ನು ಮೊದಲು ಹೇಳುತ್ತೇನೆ. ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ.

ಶಿರಸಿ

ನನ್ನ ಹೆಸರು ಚನ್ನಬಸಪ್ಪ. ಬನವಾಸಿ ಕಡೆಯವನು. ಶಿರಸಿಗೆ ಬಂದು ಬರೀ ‘ಚನ್ನಬಸಪ್ಪನ ಅಂಗಡಿ ಎಲ್ಲಿ’ ಎಂದು ಕೇಳಿದರೆ ಜನ ನಿಮ್ಮ ಮುಖ ನೋಡುತ್ತಾರೆ. ನಾಲ್ಕಾರು ಚನ್ನಬಸಪ್ಪಂದಿರು ಇದ್ದಾರೆ. ‘ಗ್ಯಾಸ್ ಬತ್ತಿ ಚನ್ನಬಸಪ್ಪ’ ಎಂದರೆ ದಾರಿಯಲ್ಲಿ ಗೋಲಿ ಆಡುವ ಮಕ್ಕಳೂ ಆಟ ಬಿಡದೆ ಬೆರಳು ತೋರಿಸುತ್ತವೆ. ನಮ್ಮ ಪೇಟೆಯಲ್ಲಿ ಮನುಷ್ಯನಿಗೆ ತಂದೆ ತಾಯಿ ಇಡುವುದು ಅರ್ಧ ಹೆಸರು. ಮುಂದಿನ ಅರ್ಧವನ್ನು ಅವನ ಕಸುಬು ಇಡುತ್ತದೆ. ಸೋಡಾ ರಾಮಣ್ಣ, ಕೊಡೆ ಇಸ್ಮಾಯಿಲ್, ಹೀಗೆ. ಮದುವೆ, ಯಕ್ಷಗಾನದ ಆಟ, ಸಭೆ, ಎಲ್ಲಿಗೇ ಆದರೂ ಪಂಪು ಹೊಡೆದು ಉರಿಸುವ ಗ್ಯಾಸ್ ಬತ್ತಿಯನ್ನು ಬಾಡಿಗೆಗೆ ಕೊಡುವುದು ನನ್ನ ಕಸುಬು. ಒಂದು ಹಳೆಯ ಬತ್ತಿಯಿಂದ ಶುರು ಮಾಡಿ ಒಂದು ಗೋಡೆ ತುಂಬ ಬತ್ತಿ ನೇತುಹಾಕುವ ತನಕ ಬಂದವನು ನಾನು.

ಹೀಗಿರುವಾಗ ಪೇಟೆಗೆ ಮೊದಲೇ ಬಂದಿದ್ದ ವಿದ್ಯುತ್ತನ್ನು ನನ್ನ ಗಿರಾಕಿಗಳಿರುವ ವಾನಳ್ಳಿ ಕಡೆಗೂ ಒಯ್ಯಲು ಕಂಬ ನೆಡುವ ಗುಂಡಿ ತೋಡುತ್ತಿದ್ದಾರೆಂದು ಸುದ್ದಿ ಬಂತು. ಗುಂಡಿಯನ್ನು ನಾನೇ ಹೋಗಿ ನೋಡಿ ಬಂದೆ. ಗುಂಡಿ ನಿಜ. ಕಂಬ ಇನ್ನೂ ಬಂದಿರಲಿಲ್ಲ. ಆದರೆ ಸರಕಾರ ಗುಂಡಿ ತೋಡಿದ ಮೇಲೆ ಎಂದಾದರೂ ಒಂದು ದಿನ ಅದರಲ್ಲಿ ಏನನ್ನಾದರೂ ನೆಡುತ್ತದೆ. ಬತ್ತಿ ಆರಿದ ಮೇಲೆ ‘ಗ್ಯಾಸ್ ಬತ್ತಿ ಚನ್ನಬಸಪ್ಪ’ ಎಂದರೆ ಏನು ಅರ್ಥ? ಅರ್ಧ ಹೆಸರಿನವನಾಗಿ ಬದುಕಲು ನನಗೆ ಮನಸ್ಸಿರಲಿಲ್ಲ. ಹೊಸ ಅರ್ಧವೊಂದನ್ನು ಹುಡುಕಬೇಕಾಗಿತ್ತು.

ಅದು ಹೆಗಡೆಯವರ ಹೋಟೆಲಿನಲ್ಲಿ ಕಣ್ಣಿಗೆ ಬಿತ್ತು. ಅಲ್ಲಿ ಒಂದು ಪೆಟ್ಟಿಗೆ ರೇಡಿಯೋ ಇದೆ, ಪಕ್ಕದಲ್ಲಿ ಒಂದು ಕುರ್ಚಿ ಇದೆ. ಆ ಕುರ್ಚಿ ಬರ್ಮಾ ಭಟ್ಟರದು. ಪ್ರಾಯದಲ್ಲಿ ರಂಗೂನಿಗೆ ಅಡುಗೆಗೆ ಹೋಗಿದ್ದು, ಯುದ್ಧದ ಕಾಲದಲ್ಲಿ ಕಾಡಿನಲ್ಲಿ ನಡೆದು ವಾಪಸು ಬಂದವರು. ಪೇಟೆಯಲ್ಲಿ ಪರದೇಶ ಕಂಡವರು ಅವರೊಬ್ಬರೇ. ಆದ್ದರಿಂದ ಹೊರದೇಶದ ಸುದ್ದಿ ಬಂದಾಗಲೆಲ್ಲ ಅರ್ಥ ಹೇಳುವ ಹಕ್ಕು ಅವರದು. ಅವರು ಅಡುಗೆ ಬಿಟ್ಟು ಎಷ್ಟೋ ವರ್ಷವಾಗಿದೆ, ಆದರೆ ಬರ್ಮಾ ಅವರನ್ನು ಬಿಟ್ಟಿಲ್ಲ. ಇಂಥ ಹೆಸರಿಗೆ ಕಂಬದ ಭಯವಿಲ್ಲ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ರಷ್ಯಾದವನೊಬ್ಬ ಆಕಾಶಕ್ಕೆ ಹೋಗಿ ಭೂಮಿಗೆ ಒಂದು ಸುತ್ತು ಹಾಕಿ ಬಂದನೆಂದು ರೇಡಿಯೋ ಹೇಳಿದ ಮರುದಿನ ಅಲ್ಲಿ ನಾನೂ ಇದ್ದೆ. ನನಗೊಂದು ಸಂಶಯ ಬಂತು, ಕೇಳಿದೆ.

“ಭಟ್ರ, ಅಷ್ಟು ದೇಶದ ಮ್ಯಾಲೆ ಹಾದು ಹೋದನಲ್ರಿ, ಜಕಾತಿ ಯಾರಿಗೆ ಕೊಟ್ಟ?”

ಎಲ್ಲರೂ ನಕ್ಕರು. ಭಟ್ಟರು ನಗಲಿಲ್ಲ. “ಚನ್ನಬಸಪ್ಪ, ನೀನು ಕುಮಟೆ ದಾಟಿದವನಲ್ಲ. ಇದು ಹೊರದೇಶ ಕಂಡವರು ಮಾತಾಡುವ ಜಾಗ ಮಾರಾಯ,” ಎಂದರು. ಆಮೇಲೆ ಹೆಗಡೆಯವರ ಕಡೆ ತಿರುಗಿ ತಮ್ಮ ಮನೆ ಮಾತಿನಲ್ಲಿ, “ಆನು ಕಂಡಿದ್ದಿ, ಅಲ್ಲೆಲ್ಲ ಆಕಾಶಕ್ಕೆ ಜಕಾತಿ ಇಲ್ಲೆ,” ಎಂದರು.

ಗಡಿ ದಾಟಿದರೆ ಸುಂಕ ಕೊಡಲೇಬೇಕು; ಜಕಾತಿಯ ಪ್ರಶ್ನೆ ಇವತ್ತಿಗೂ ಒಳ್ಳೆಯ ಪ್ರಶ್ನೆಯೆಂದೇ ನನ್ನ ಅಭಿಪ್ರಾಯ. ಆದರೆ ಆ ದಿನವೇ ನಿರ್ಧಾರ ಮಾಡಿದೆ: ಒಂದು ಸಲ ಪರದೇಶಕ್ಕೆ ಹೋಗಬೇಕು, ಮುದ್ರೆ ಹಾಕಿಸಿಕೊಂಡು ಬರಬೇಕು, ಬರುವಾಗ ಕೈಯಲ್ಲಿ ತಂತಿಯಿಲ್ಲದ ಚಿಕ್ಕ ರೇಡಿಯೋ ಇರಬೇಕು. ಕಂಬ ಬರುವುದರೊಳಗೆ ‘ಫಾರಿನ್ ಚನ್ನಬಸಪ್ಪ’ ಆಗಬೇಕು.

ಯಲ್ಲಾಪುರ

ಪರದೇಶಗಳಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರದ್ದು ಗೋವಾ. ಆಗ ಅಲ್ಲಿ ಪೋರ್ತುಗೀಜರ ಆಳ್ವಿಕೆ. ಲಂಡನ್ನಿಗೆ ಹೋದವನೂ ಪರದೇಶಕ್ಕೆ ಹೋದವನೇ, ಕಾರವಾರ ದಾಟಿ ಗೋವಾಕ್ಕೆ ಹೋದವನೂ ಪರದೇಶಕ್ಕೆ ಹೋದವನೇ. ಸರಕು ಒಂದೇ ಆದಾಗ ಹತ್ತಿರದ ಅಂಗಡಿಯಲ್ಲಿ ಕೊಳ್ಳಬೇಕು.

ಆದರೆ ಸುಮ್ಮನೆ ಬಿಡುವುದಿಲ್ಲ. ಪರವಾನಗಿ ಬೇಕು, ಪರವಾನಗಿಗೆ ಕಾರಣ ಬೇಕು. ಯಲ್ಲಾಪುರದಲ್ಲಿ ಲಾರಿ ಇಟ್ಟುಕೊಂಡಿರುವ ಹುಸೇನ್ ಸಾಹೇಬರು ನನ್ನ ಹಳೆಯ ಗೆಳೆಯರು. ಅವರ ಅಕ್ಕನನ್ನು ಗೋವಾದ ಮಡಗಾಂವದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಅಕ್ಕನ ಮಗಳ ಮದುವೆ. ಸೋದರಮಾವನೆಂದು ಅವರಿಗೆ ಪರವಾನಗಿ ಸಿಗುವಂತಿತ್ತು.

“ಸಾಹೇಬ್ರ, ಆ ಹಳ್ಳಿಯೊಳಗ ಕರೆಂಟ್ ಐತೇನು?” ಎಂದು ಕೇಳಿದೆ.

“ಇಲ್ಲ ಬಸಪ್ಪಣ್ಣ.”

“ಹಂಗಾದ್ರ ಮದುವಿಗೆ ದೀಪ ಬೇಕಲ್ಲ. ದೀಪ ಅಂದ ಮ್ಯಾಲೆ ದೀಪದಾಂವ ಬೇಕಲ್ಲ.”

ಅವರು ಬೀಡಿ ಕೆಳಗಿಟ್ಟು ನನ್ನನ್ನು ಚೆನ್ನಾಗಿ ನೋಡಿದರು. “ಅರೆ, ಒಂದು ದೇಶದ ದೀಪ ಇನ್ನೊಂದು ದೇಶಕ್ಕೆ ಬಾಡಿಗೆಗಾ?”

“ಬಾಡಿಗಿ ಬ್ಯಾಡ್ರಿ. ನಿಮ್ಮ ಅಕ್ಕಾರ ಮಗಳು ಅಂದ್ರ ನನಗೂ ಮಗಳ ಆತಲ್ಲ.”

ಬಾಡಿಗೆ ಬೇಡವೆಂದು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಸಾಹೇಬರಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಮಳೆಗಾಲಕ್ಕೆ ಮೊದಲು ಅರ್ಜಿ ಕೊಟ್ಟೆವು. ಅಡಿಕೆ ಕೊಯ್ಲಿನ ಹೊತ್ತಿಗೆ ಪರವಾನಗಿ ಬಂತು. ಅದರಲ್ಲಿ ನನ್ನ ಹೆಸರಿನ ಎದುರು ‘ದೀಪದ ವ್ಯವಸ್ಥೆಗಾಗಿ’ ಎಂದಿತ್ತು. ಕೆಳಗೆ ಎರಡು ಮನೆ ಗೆರೆ ಹೊಡೆದಿದ್ದರು: ಒಂದು ಹೋದದ್ದಕ್ಕೆ, ಒಂದು ಬಂದದ್ದಕ್ಕೆ. ಎರಡಕ್ಕೂ ಮುದ್ರೆ ಬಿದ್ದರೆ ಪ್ರವಾಸ ಪೂರ್ತಿ. ಆ ಎರಡು ಮನೆಗಳನ್ನು ನೋಡಿಯೇ ನನ್ನ ಹೊಟ್ಟೆ ತುಂಬಿತು. ಭಟ್ಟರ ಹತ್ತಿರ ಬಾಯಿಮಾತು ಬಿಟ್ಟರೆ ಬೇರೆ ಪುರಾವೆ ಇಲ್ಲ. ನನ್ನ ಹತ್ತಿರ ಮುದ್ರೆ ಇರುತ್ತದೆ.

ಸಾಹೇಬರ ಲಾರಿಯಲ್ಲಿ ಅರಬೈಲು ಘಟ್ಟ ಇಳಿಯುವಾಗ ನಮ್ಮ ಮಾತು ರಾಜಕೀಯಕ್ಕೆ ಹೋಯಿತು. ಘಟ್ಟದಲ್ಲಿ ಲಾರಿ ಮೆಲ್ಲಗೆ ಹೋಗುವುದರಿಂದ ರಾಜಕೀಯಕ್ಕೆ ಅನುಕೂಲ. ಐವತ್ತಾರರಲ್ಲಿ ನಮ್ಮ ಜಿಲ್ಲೆಯನ್ನು ಮುಂಬಯಿಯಿಂದ ಬಿಡಿಸಿ ಮೈಸೂರಿಗೆ ಸೇರಿಸಿದರಲ್ಲ, ಆ ರಾತ್ರಿ ನಾನು ಮುಂಬಯಿ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದೆ. ನಡುವೆ ಒಂದು ಸಲ ಮಗ್ಗುಲು ಬದಲಿಸಿದ್ದಷ್ಟೆ. ಚಾಪೆಯೂ ಅದೇ, ತಿಗಣೆಯೂ ಅವೇ. ಆಮೇಲೆ ಆಣೆ ಹೋಗಿ ನಯೆ ಪೈಸೆ ಬಂತು, ಸೇರು ಹೋಗಿ ಕಿಲೋ ಬಂತು. ವ್ಯಾಪಾರಿಗೆ ಬದಲಾವಣೆಯ ಭಯವಿಲ್ಲ; ಹೊಸ ತೂಕ ಗಿರಾಕಿಗೆ ಅರ್ಥವಾಗುವುದಕ್ಕೆ ಮೊದಲು ನಮಗೆ ಅರ್ಥವಾಗಿರಬೇಕು, ಅಷ್ಟೇ.

“ನಾವು ಕೂತಲ್ಲೇ ಕೂತಿರ್ತೇವೆ ಬಸಪ್ಪಣ್ಣ, ದೇಶವೇ ಓಡಾಡ್ತದೆ,” ಎಂದರು ಸಾಹೇಬರು ಗೇರು ಬದಲಿಸುತ್ತ. ಆಗ ಅದು ಬರೀ ಮಾತೆಂದು ತಿಳಿದು ನಕ್ಕೆ.

ಗಡಿ

ಕಾರವಾರದ ಹತ್ತಿರ ಕಾಳಿ ನದಿಗೆ ಆಗ ಸೇತುವೆ ಇರಲಿಲ್ಲ. ಲಾರಿಯನ್ನು ಈಚೆ ದಡದಲ್ಲಿ ಬಿಟ್ಟು ದೋಣಿಯಲ್ಲಿ ದಾಟಿದೆವು. ನಾಲ್ಕು ಗ್ಯಾಸ್ ಬತ್ತಿ, ಒಂದು ಡಬ್ಬ ಸೀಮೆಎಣ್ಣೆ, ಒಂದು ಕೊಡೆ, ಇಬ್ಬರು ಮನುಷ್ಯರು. ಮಾಜಾಳಿಯಲ್ಲಿ ನಮ್ಮ ಕಡೆಯ ಪೊಲೀಸರು ಪರವಾನಗಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಈಗ ಹೋಗ್ತೀರಾ? ಎಲ್ಲರೂ ಆಚೆಯಿಂದ ಈಚೆ ಬರ್ತಾ ಇದ್ದಾರಲ್ಲ. ಇವತ್ತೋ ನಾಳೆಯೋ ಗಲಾಟೆ ಆಗ್ತದೆ ಅಂತ ಸುದ್ದಿ.”

“ಮದುವಿ ಐತ್ರಿ.”

“ಯಾರದ್ದು?”

ಸಾಹೇಬರು ಬಾಯಿ ತೆರೆಯುವ ಮೊದಲೇ ನಾನು, “ನಮ್ಮ ಮಗಳದು,” ಎಂದುಬಿಟ್ಟೆ. ಪೊಲೀಸರು ಸಾಹೇಬರ ಗಡ್ಡ ನೋಡಿದರು, ನನ್ನ ಹಣೆಯ ಮೇಲಿನ ವಿಭೂತಿ ನೋಡಿದರು, ದೀಪ ನೋಡಿದರು, ಮತ್ತೇನೂ ಕೇಳದೆ ಮೊದಲ ಮನೆಗೆ ಮುದ್ರೆ ಒತ್ತಿದರು. ಟಪ್ ಎಂದ ಆ ಸದ್ದು ಈಗಲೂ ಕಿವಿಯಲ್ಲಿದೆ.

ಆಚೆ ಚೌಕಿಯಲ್ಲಿ ಪೋರ್ತುಗೀಜ ಜಮಾದಾರನೊಬ್ಬ, ಅವನಿಗೆ ಕೊಂಕಣಿಯಿಂದ ಅರ್ಥ ಹೇಳಲು ಒಬ್ಬ ಗುಮಾಸ್ತ. ನನಗೆ ಪೇಟೆಯ ಕೊಂಕಣಿ ಬರುತ್ತದೆ. ದೀಪವೆಂದು ಹೇಳಿದೆ. ಜಮಾದಾರ ತಗಡಿನ ಬುಡ, ಪಂಪು, ನಳಿಗೆ ನೋಡಿ ತಲೆ ಅಲ್ಲಾಡಿಸಿದ. ದೀಪವಾದರೆ ಹಚ್ಚಿ ತೋರಿಸಬೇಕಂತೆ. ಆಗ ನೆತ್ತಿಯ ಮೇಲೆ ಸೂರ್ಯ. ಸರಿ, ಕೂತು ಸ್ಪಿರಿಟ್ ಸುರಿದು ಕಾಯಿಸಿ ಪಂಪು ಹೊಡೆದೆ. ಗ್ಯಾಸ್ ಬತ್ತಿ ಹೊತ್ತಿಕೊಳ್ಳುವ ಮೊದಲು ಭುಸ್ ಎನ್ನುತ್ತದೆಂಬುದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಜಮಾದಾರನಿಗೆ ಗೊತ್ತಿರಲಿಲ್ಲ. ಅವನು ಗೋಡೆಯ ಹಿಂದೆ ಹೋದ. ಗುಮಾಸ್ತ ಬಾವಿಯ ಕಟ್ಟೆಯ ಹಿಂದೆ ಹೋದ. ಹೋಗುವ ರಭಸದಲ್ಲಿ ಪಕ್ಕದ ಬತ್ತಿಗೆ ಕಾಲು ತಾಗಿಸಿ ಗಾಜು ಒಡೆದ. ಬತ್ತಿ ಹೊತ್ತಿಕೊಂಡು ಆ ಬಿಸಿಲಿನಲ್ಲಿ ಉರಿಯುತ್ತ ನಿಂತಿತು. ಉರಿಯುತ್ತಿದೆಯೆಂದು ತಿಳಿಯಬೇಕಾದರೆ ಹತ್ತಿರ ಕೈ ಹಿಡಿಯಬೇಕು. ನಿಧಾನಕ್ಕೆ ಇಬ್ಬರೂ ಹೊರಗೆ ಬಂದು ನಮ್ಮನ್ನು ಬೇಗ ಬೇಗ ಕಳಿಸಿಕೊಟ್ಟರು. ಒಂದು ಗಾಜು ಹೀಗೆ ಹೋಯಿತು.

ಮಡಗಾಂವ

ಗಡಿಯಾಚೆ ಗಡಿಯಾರ ಅರ್ಧ ತಾಸು ಹಿಂದೆ. ಬಂದ ತಕ್ಷಣ ಅರ್ಧ ತಾಸು ಲಾಭವಾಯಿತೆಂದು ಸಂತೋಷಪಟ್ಟೆ. ಅದನ್ನು ವಾಪಸು ಕೊಡಬೇಕಾಗುತ್ತದೆಂದು ಸಾಹೇಬರು ನೆನಪಿಸಿದರು.

ಸಾಹೇಬರ ಭಾವನಿಗೆ ಹಳ್ಳಿಯಲ್ಲಿ ಪಾವಿನ ಬೇಕರಿ. ಸಾಹೇಬರು ಅವರನ್ನು ದೂಲ್ಹಾಭಾಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಎಂದೆ. ಅಲ್ಲಿಯ ಜನ ಬೆಳಿಗ್ಗೆ ಎದ್ದರೆ ಪಾವು, ಸಂಜೆ ಪಾವು. ಮಧ್ಯಾಹ್ನ ಉಂಡ ಮೇಲೆ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ. ಮಲಗುವುದನ್ನು ನಾನು ತಪ್ಪೆನ್ನುವುದಿಲ್ಲ. ಶಿರಸಿಯಲ್ಲೂ ಮಧ್ಯಾಹ್ನ ಗಾದಿಯ ಮೇಲೆ ಸಾವಕಾರರು ಅಡ್ಡಾಗುತ್ತಾರೆ. ಆದರೆ ಬಾಗಿಲು ತೆರೆದಿಟ್ಟು, ಒಂದು ಕಣ್ಣು ತೆರೆದಿಟ್ಟು ಅಡ್ಡಾಗುತ್ತಾರೆ. ಎರಡೂ ಕಣ್ಣು ಮುಚ್ಚಿ ವ್ಯಾಪಾರ ಮಾಡುವ ದೇಶ ಎಷ್ಟು ದಿನ ಬಾಳೀತು ಎಂದು ದೂಲ್ಹಾಭಾಯಿಯ ಹತ್ತಿರ ಹೇಳಿದೆ. ಅವರು ಸುತ್ತ ನೋಡಿ, “ಮೆಲ್ಲಗೆ,” ಎಂದರು.

ಮರುದಿನ ರೇಡಿಯೋ ಕೊಳ್ಳಲು ಮಡಗಾಂವ ಪೇಟೆಗೆ ಹೋದೆ. ಅಂಗಡಿಯಲ್ಲಿ ಜಪಾನಿನ ಕೈರೇಡಿಯೋಗಳು ಸಾಬೂನಿನ ಹಾಗೆ ಸಾಲಾಗಿ ಕೂತಿದ್ದವು. ತಂತಿಯಿಲ್ಲ, ಕಂಬ ಬೇಕಿಲ್ಲ, ಒಳಗೆ ಶೆಲ್ಲು ಹಾಕಿದರೆ ಸಾಕು. ನಮ್ಮ ಪೆಟ್ಟಿಗೆ ರೇಡಿಯೋ ಬಿಸಿಯಾಗಿ ಬಾಯಿ ಬಿಡುವುದರೊಳಗೆ ಅರ್ಧ ವಾರ್ತೆ ಮುಗಿದಿರುತ್ತದೆ. ಇದು ಗುಂಡಿ ತಿರುಗಿಸಿದ ಕೂಡಲೇ ಮಾತಾಡಿತು. ಇದರ ಮುಂದೆ ಸರಕಾರ ತೋಡುತ್ತಿದ್ದ ಗುಂಡಿಗಳೆಲ್ಲ ವ್ಯರ್ಥವೆಂದು ಕಂಡಿತು.

ಅಂಗಡಿಯವನು ಬೆಲೆ ಹೇಳಿದ. ನಾನು ಪದ್ಧತಿ ಪ್ರಕಾರ ನಕ್ಕು, ಹಿಂದೆ ಸರಿದು, ಅರ್ಧಕ್ಕಿಂತ ಕಡಿಮೆ ಕೇಳಿದೆ.

“ಜಾಯ್ತ್,” ಎಂದ. ಕೊಂಕಣಿಯಲ್ಲಿ ಆಗಲಿ ಎಂದರ್ಥ.

ಚೌಕಾಸಿಯಲ್ಲಿ ನನಗೆ ಇಷ್ಟು ದೊಡ್ಡ ಅವಮಾನ ಆದದ್ದಿಲ್ಲ. ಅವನು ಸಿಟ್ಟಾಗಬೇಕು, ಮನೆಯಲ್ಲಿ ಮಕ್ಕಳಿದ್ದಾರೆ ಎನ್ನಬೇಕು, ನಾನು ಮೆಟ್ಟಿಲಿಳಿಯಬೇಕು, ಅವನು ಕರೆಯಬೇಕು. ಏನೂ ಇಲ್ಲ. ಮಾಲಿನಲ್ಲಿ ದೋಷವಿರಬೇಕೆಂದು ಇನ್ನೂ ಕಡಿಮೆ ಕೇಳಿದೆ. ಅದಕ್ಕೂ ಜಾಯ್ತ್. ಮೆಟ್ಟಿಲಿಳಿದೆ, ಕರೆಯಲಿಲ್ಲ. ನಾನೇ ಹತ್ತಿ ಬಂದೆ.

“ಏನು ವಿಷಯ? ರೇಡಿಯೋ ಕೆಟ್ಟಿದೆಯೇ?” ಎಂದು ಕೊಂಕಣಿಯಲ್ಲಿ ಕೇಳಿದೆ.

“ರೇಡಿಯೋ ಚೆನ್ನಾಗಿದೆ. ಕಾಲ ಕೆಟ್ಟಿದೆ. ನಾಳೆ ಇಲ್ಲಿ ಯಾವ ಸರಕಾರವೋ, ಯಾವ ದುಡ್ಡೋ. ಬೇಕಾದರೆ ಅಂಗಡಿಯನ್ನೇ ತಗೊಳ್ಳಿ.”

ಅಂಗಡಿ ತಗೊಳ್ಳಬೇಕಾಗಿತ್ತೆಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಆದರೆ ನನಗೆ ಬರುವಾಗಿನ ಜಕಾತಿಯ ಭಯ. ಒಂದೇ ರೇಡಿಯೋ ಕೊಂಡೆ. ಚೌಕಾಸಿಯಿಲ್ಲದೆ ಕೊಂಡ ಆ ಗೊಂದಲದಲ್ಲಿ ಕೊಡೆಯನ್ನು ಅಲ್ಲೇ ಮರೆತೆ. ನೆನಪಾಗಿ ತಿರುಗಿ ಓಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪೇಟೆ ಬಾಗಿಲು ಹಾಕಿ ಮಲಗಿತ್ತು. ಎಷ್ಟು ಬಡಿದರೂ ತೆಗೆಯಲಿಲ್ಲ.

ಮದುವೆ

ಮದುವೆಯ ಮುನ್ನಾದಿನ ಹಳ್ಳಿಯಲ್ಲಿ ಸಾರಿದರು: ಸಂಜೆಯಾದ ಮೇಲೆ ಬಯಲಿನಲ್ಲಿ ದೀಪ ಹಚ್ಚಬಾರದು. ವಿಮಾನ ಬರಬಹುದಂತೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದೀಪ ಹೊತ್ತು ತಂದವನು ನಾನು. ಆ ದೇಶ ದೀಪವನ್ನೇ ನಿಷೇಧಿಸಿತು.

ದೂಲ್ಹಾಭಾಯಿ ರಾತ್ರಿಯ ಮದುವೆಯನ್ನು ಮಧ್ಯಾಹ್ನಕ್ಕೆ ತಂದರು. ನಾನು ಬತ್ತಿಗಳನ್ನು ಕಟ್ಟಿಡುತ್ತಿದ್ದೆ. ಅವರು ಬಂದು ಕೈ ಹಿಡಿದರು. ಸಾಹೇಬರ ಊರಿನ ಒಡನಾಟದಿಂದ ಅವರಿಗೆ ಒಂದಿಷ್ಟು ಕನ್ನಡ ಬರುತ್ತಿತ್ತು.

“ಭಾಯಿಸಾಬ್, ದೀಪ ಹಚ್ಚಬೇಕು.”

“ಈಗೇನ್ರಿ? ಬಿಸಿಲಿನ್ಯಾಗ?”

“ಮಗಳ ಮದುವೆಗೆ ಹಿಂದೂಸ್ಥಾನದಿಂದ ದೀಪ ಬರ್ತದೆ ಅಂತ ಎಲ್ಲರಿಗೂ ಹೇಳಿಬಿಟ್ಟೇನೆ. ಸಂಜೆ ಹಚ್ಚಬಾರದು ಅಂದರು. ಮಧ್ಯಾಹ್ನ ಹಚ್ಚಬಾರದು ಅನ್ನಲಿಲ್ಲ.”

ಹಚ್ಚಿದೆ. ಚಪ್ಪರದ ನಾಲ್ಕು ಮೂಲೆಯಲ್ಲಿ ನಾಲ್ಕು ಬತ್ತಿ ಡಿಸೆಂಬರಿನ ಬಿಸಿಲಿನಲ್ಲಿ ಭುಸುಗುಟ್ಟುತ್ತ ಉರಿದವು. ಗಾಜಿಲ್ಲದ್ದನ್ನು ಗಾಳಿ ಬಾರದ ಮೂಲೆಗೆ ಇಟ್ಟಿದ್ದೆ. ಖಾಜಿಯವರು ಓದುತ್ತಿದ್ದಾಗ ಅದಕ್ಕೆ ಹತ್ತಿರವಿದ್ದವರು ಬೆವರು ಒರೆಸಿಕೊಳ್ಳುತ್ತಿದ್ದರು. ಒಬ್ಬ ಮುದುಕಿ ಬಹಳ ಹೊತ್ತು ದೀಪವನ್ನೂ ನನ್ನನ್ನೂ ನೋಡಿ ಸಾಹೇಬರನ್ನು ಉರ್ದುವಿನಲ್ಲಿ ಏನೋ ಕೇಳಿದಳು. ಸಾಹೇಬರು ನನಗೆ ಹೇಳಿದರು: “ನಿಮ್ಮೂರಲ್ಲಿ ಸೂರ್ಯ ಇಲ್ಲವಾ ಅಂತ ಕೇಳ್ತಿದ್ದಾಳೆ.”

“ಅದಾನ ಅಂತ ಹೇಳ್ರಿ. ಮಳೆಗಾಲದಾಗ ರಜಾ ಹಾಕ್ತಾನ.”

ಊಟಕ್ಕೆ ಕೂತಿದ್ದಾಗ ದೂರದಲ್ಲಿ ಧಡ್ ಎಂದಿತು. ಮತ್ತೊಂದು ಬತ್ತಿಯ ಗಾಜು ಬಿರಿದು ಬಿತ್ತು. ಯಾವುದೋ ಸೇತುವೆಯನ್ನು ಪೋರ್ತುಗೀಜರೇ ಹಾರಿಸಿದರಂತೆ, ಹಿಂದೂಸ್ಥಾನದ ಸೈನ್ಯ ಬರಬಾರದೆಂದು. ಬಡಿಸುವವರು ಒಂದು ಕ್ಷಣ ನಿಂತರು. ದೂಲ್ಹಾಭಾಯಿ, “ಬಡಿಸಿ, ಬಡಿಸಿ, ಸೇತುವೆ ಊಟಕ್ಕೆ ಬರೋದಿಲ್ಲ,” ಎಂದರು. ಮದುಮಗಳು ಮುಸುಕಿನೊಳಗೆ ನಕ್ಕಳೆಂದು ಹೆಂಗಸರು ಆಮೇಲೆ ಹೇಳಿದರು.

ಒಂದೆರಡು ದಿನ ಮನೆಯೊಳಗೇ ಕೂತೆವು. ಆಮೇಲೊಂದು ಬೆಳಿಗ್ಗೆ ಬೀದಿಯಲ್ಲಿ ನಮ್ಮ ಸೈನಿಕರು ನಡೆದು ಹೋಗುತ್ತಿದ್ದರು, ಹಿಂದೆ ಮಕ್ಕಳು ಓಡುತ್ತಿದ್ದವು. ದೂಲ್ಹಾಭಾಯಿ ಪಾವಿನ ಬುಟ್ಟಿಯನ್ನೇ ಬೀದಿಗೆ ತಂದಿಟ್ಟರು. ಅಕ್ಕಪಕ್ಕದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳುವುದಿಲ್ಲ. ನೀರು ಒರೆಸಿಕೊಳ್ಳುತ್ತ ಒಳಗೆ ತಿರುಗಿ ನೋಡಿದೆ. ದೂಲ್ಹಾಭಾಯಿ ಸ್ಟೂಲು ಹತ್ತಿ ಗೋಡೆಯ ಗಡಿಯಾರವನ್ನು ಅರ್ಧ ತಾಸು ಮುಂದೆ ತಿರುಗಿಸುತ್ತಿದ್ದರು.

“ಸಾಹೇಬ್ರ, ಈಗ ನಾವು ಎಲ್ಲಿ ಅದೇವಿ?”

“ಹಿಂದೂಸ್ಥಾನದಲ್ಲಿ.”

“ಮತ್ತ ಪರದೇಶ?”

ಸಾಹೇಬರು ಕಿಟಕಿಯ ಹೊರಗೆ ಆ ಕಡೆ ಈ ಕಡೆ ನೋಡಿದರು. “ಖತಂ, ಬಸಪ್ಪಣ್ಣ.”

ಮತ್ತೆ ಗಡಿ

ಬರುವಾಗ ರೇಡಿಯೋವನ್ನು ಗಾಜು ಹೋದ ಬತ್ತಿಯೊಳಗೆ, ಮ್ಯಾಂಟಲ್, ಅಂದರೆ ಉರಿಯುವ ಬಲೆಚೀಲ, ಕಟ್ಟುವ ಜಾಗದಲ್ಲಿ ಕೂರಿಸಿ ಮೇಲೆ ಬಟ್ಟೆ ಸುತ್ತಿದೆ. “ಈಗ ಮುಚ್ಚಿಡೋದು ಯಾಕೆ? ದೇಶ ಒಂದೇ ಆಯ್ತಲ್ಲ,” ಎಂದರು ಸಾಹೇಬರು. ಅವರು ಒಳ್ಳೆಯವರು, ಆದರೆ ಆಡಳಿತ ತಿಳಿಯದು. ಸರಕಾರ ಒಂದೇ ದಿನದಲ್ಲಿ ಹೋಗಬಹುದು. ಜಕಾತಿಯವನು ಅಷ್ಟು ಬೇಗ ಹೋಗುವುದಿಲ್ಲ.

ಹೋಗಿದ್ದ. ಪೋರ್ತುಗೀಜ ಚೌಕಿಯಲ್ಲಿ ಒಂದು ಕೋಳಿ ಮಾತ್ರ ಇತ್ತು. ಈಚೆ ನಮ್ಮ ಚೌಕಿಯಲ್ಲಿ ಹೋಗುವಾಗ ಕಂಡ ಪೊಲೀಸರಿಲ್ಲ, ಮುದ್ರೆಯಿಲ್ಲ. ಸೈನ್ಯದ ಸಾಮಾನು ಮೂಟೆಗಳು, ಅವುಗಳ ನಡುವೆ ಆಲೂಗಡ್ಡೆ ಸುಲಿಸುತ್ತಿದ್ದ ಮೀಸೆಯ ಹವಾಲ್ದಾರರೊಬ್ಬರು, ನಾಲ್ಕಾರು ಜವಾನರು. ಸಾಹೇಬರು ಹಿಂದಿಯಲ್ಲಿ ಮಾತಾಡಿ ನನಗೆ ಹೇಳುತ್ತ ಹೋದರು.

“ಎಲ್ಲಿಂದ ಬಂದಿರಿ ಅಂತ ಕೇಳ್ತಾರೆ.”

“ಪರದೇಶದಿಂದ ಅಂತ ಹೇಳ್ರಿ.”

ಹವಾಲ್ದಾರರು ನಾವು ಬಂದ ದಾರಿಯನ್ನು ನೋಡಿ ಯಾವ ಪರದೇಶ ಎಂದರಂತೆ. ಇದೇ ಎಂದು ಕೈ ತೋರಿಸಿದೆ. ಇದು ಹಿಂದೂಸ್ಥಾನ, ಹೋಗಿ, ಯಾರೂ ತಡೆಯುವುದಿಲ್ಲ ಎಂದರು. ಪರವಾನಗಿ ಬಿಚ್ಚಿ ಎರಡನೆಯ ಮನೆ ತೋರಿಸಿದೆ. “ಇದು ಖಾಲಿ ಐತ್ರಿ. ಮುದ್ರಿ ಬೀಳದಿದ್ರ ನಾ ಇನ್ನೂ ವಾಪಸ್ ಬಂದಿಲ್ಲ ಅಂತ ಆಗ್ತೈತಿ.”

“ಕಣ್ಣೆದುರು ನಿಂತಿದ್ದೀಯಲ್ಲ ಅಂತಾರೆ.”

“ನಿಂತೇನಿ. ಆದ್ರ ಕಾಗದದ ಪ್ರಕಾರ ನಿಂತಿಲ್ಲ.”

ಹವಾಲ್ದಾರರು ಆಲೂಗಡ್ಡೆಯ ಕಡೆ ತಿರುಗಿದರು. ಬೇಸರದಲ್ಲಿ ಬತ್ತಿಯನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟೆ. ಒಳಗಿನ ಗುಂಡಿ ತಿರುಗಿರಬೇಕು. ಗ್ಯಾಸ್ ಬತ್ತಿ ಒಮ್ಮೆ ಗೊರಗೊರ ಎಂದು, ಆಮೇಲೆ ಹೆಣ್ಣುಮಗಳ ದನಿಯಲ್ಲಿ ಹಿಂದಿ ಹಾಡು ಹಾಡತೊಡಗಿತು.

ಜವಾನರು ಎದ್ದು ನಿಂತರು. ಒಬ್ಬ ಬಂದೂಕಿಗೆ ಕೈ ಹಾಕಿದ. ಇನ್ನೊಬ್ಬ ಬತ್ತಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಸಿಕ್ಕಿಬಿದ್ದೆನೆಂದು ಬಟ್ಟೆ ಬಿಚ್ಚಿದೆ. ಹವಾಲ್ದಾರರು ರೇಡಿಯೋ ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಬಂದು ಬತ್ತಿಯ ಪಕ್ಕದಲ್ಲಿ ಕೂತರು. ಮನೆ ಬಿಟ್ಟು ಎಷ್ಟು ದಿನವಾಗಿತ್ತೋ. ಒಬ್ಬೊಬ್ಬರೇ ಬಂದು ಕೂತರು. ಆಲೂಗಡ್ಡೆ ಹಾಗೇ ಉಳಿಯಿತು.

ಹಾಡು ಮುಗಿಯಿತು. ಇನ್ನೊಂದು ಶುರುವಾಗುವ ಮೊದಲೇ ಗುಂಡಿ ತಿರುಗಿಸಿ ನಿಲ್ಲಿಸಿದೆ. ಅಳ್ಳೆದೆಯವನಾದರೆ ರೇಡಿಯೋ ಅವರ ಕೈಗೆ ಕೊಟ್ಟು ಓಡುತ್ತಿದ್ದ. ನಾನು ವ್ಯಾಪಾರಿ.

“ಸಾಹೇಬ್ರ, ಹೇಳ್ರಿ. ಒಂದು ಮುದ್ರಿ ಕೊಟ್ರ ವಾರ್ತೆ ಮುಗಿಯೂ ತನಕ ಹಚ್ಚತೀನಿ.”

“ಬಸಪ್ಪಣ್ಣ, ಇವರು ಸೈನ್ಯದವರು.”

“ಇದ್ರ ಇರಲಿ ಬಿಡ್ರಿ. ಅವರಿಗೂ ಕಿವಿ ಅದಾವು.”

ಹವಾಲ್ದಾರರು ನಕ್ಕುಬಿಟ್ಟರು. ತಮ್ಮ ಹತ್ತಿರ ಇರುವುದು ಸಾಮಾನಿನ ಮೂಟೆಗೆ ಹಾಕುವ ಮುದ್ರೆ ಮಾತ್ರ, ನಡೆದೀತೇ ಎಂದರು. ಮುದ್ರೆ ಮುದ್ರೆಯೇ, ದುಂಡಗಿದ್ದರೆ ಸಾಕೆಂದೆ. ಟಪ್ ಎಂದಿತು. ವಾರ್ತೆ ಮುಗಿಯುವ ತನಕ ಕೂತು, ಅವರು ಕೊಟ್ಟ ಚಹಾ ಕುಡಿದು, ದೋಣಿ ಹಿಡಿದೆವು.

ಶಿರಸಿ, ಎರಡನೆಯ ಸಲ

ಹೆಗಡೆಯವರ ಹೋಟೆಲಿನಲ್ಲಿ ಪರವಾನಗಿಯನ್ನು ಮೇಜಿನ ಮೇಲೆ ಹರಡಿದೆ. ಜನ ಸೇರಿದರು. ಬರ್ಮಾ ಭಟ್ಟರು ಕುರ್ಚಿಯಿಂದ ಏಳದೆ ಕನ್ನಡಕ ಏರಿಸಿ, “ಮಾಸ್ತರ್ರೇ, ಮುದ್ರೆ ಓದಿ,” ಎಂದರು. ಕನ್ನಡ ಶಾಲೆಯ ಮಾಸ್ತರರು ಓದಿದರು. ಮೊದಲನೆಯದು ಸರಿಯಿತ್ತು. ಎರಡನೆಯದು ಇಂಗ್ಲಿಷಿನಲ್ಲಿತ್ತು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದು, ಕನ್ನಡದಲ್ಲಿ ಹೇಳಿದರು: “ಮಾಲು ಸುಸ್ಥಿತಿಯಲ್ಲಿ ತಲುಪಿದೆ.”

ಚಹಾ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟು ನಕ್ಕರು. ಭಟ್ಟರು ನಿಧಾನವಾಗಿ ತೀರ್ಪು ಕೊಟ್ಟರು.

“ಎಂತ ಪರದೇಶ ಚನ್ನಬಸಪ್ಪ? ಗೋವಾ ನಮ್ಮದಾಯ್ತಲ್ಲ. ಹೋಗುವಾಗ ಪರದೇಶ ಇರಬಹುದು. ಬಂದದ್ದು ಸ್ವದೇಶದಿಂದ. ಅರ್ಧ ಪ್ರವಾಸ ಅದು. ಅರ್ಧಕ್ಕೆ ಹೆಸರು ಕೊಡುವ ಪದ್ಧತಿ ಇಲ್ಲ ನಮ್ಮಲ್ಲಿ.”

ನಾನು ಪರವಾನಗಿ ಮಡಿಸಿದೆ. ಎದುರಿನ ಬೀದಿಯಲ್ಲಿ ಕಂಬ ಹೇರಿದ ಎತ್ತಿನ ಗಾಡಿಯೊಂದು ವಾನಳ್ಳಿ ಕಡೆ ಹೋಗುತ್ತಿತ್ತು. ಅದನ್ನು ನೋಡುತ್ತಿದ್ದಾಗ ಮಾಸ್ತರರು ತಮ್ಮಷ್ಟಕ್ಕೇ ಹೇಳುವವರ ಹಾಗೆ ಕೇಳಿದರು: “ಭಟ್ಟರೇ, ನೀವು ರಂಗೂನಿಗೆ ಹೋದದ್ದು ಯಾವ ಕಾಲದಲ್ಲಿ?”

“ಉಪನಯನ ಆಗಿ ಮೂರ್ನಾಲ್ಕು ವರ್ಷಕ್ಕೆ, ಇಪ್ಪತ್ತೈದರ ಇಸವಿ ಸುಮಾರಿಗೆ. ಎಂತಕ್ಕೆ?”

“ಆಗ ಬರ್ಮಾ ಹಿಂದೂಸ್ಥಾನದ ಒಳಗೇ ಇತ್ತು. ಬ್ರಿಟಿಷರು ಬೇರೆ ಮಾಡಿದ್ದು ಆಮೇಲೆ, ಮೂವತ್ತೇಳರಲ್ಲಿ. ನೀವು ಹೋದದ್ದು ಸ್ವದೇಶಕ್ಕೆ.”

ಭಟ್ಟರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು. “ಬಂದದ್ದು ಪರದೇಶದಿಂದ ಹೌದನ?” ಎಂದರು ಕೊನೆಗೆ. ದನಿ ಸಣ್ಣದಾಗಿತ್ತು.

“ಅದು ಹೌದು. ಬಂದದ್ದು ಪರದೇಶದಿಂದ.”

ಹೆಗಡೆಯವರು ಲೆಕ್ಕದಲ್ಲಿ ಚುರುಕು. “ಹಂಗಾದ್ರೆ ಚನ್ನಬಸಪ್ಪನದು ಹೋಗೋದು, ಭಟ್ಟರದು ಬರೋದು. ಇಬ್ಬರದೂ ಸೇರಿದ್ರೆ ಒಂದು ಪೂರ್ತಿ ಪ್ರವಾಸ,” ಎಂದರು. ಮರುದಿನ ಕುರ್ಚಿ ಒಳಗೆ ಹೋಗಿ ಅಲ್ಲೊಂದು ಬೆಂಚು ಬಂತು. ಆಗಿನಿಂದ ಹೊರದೇಶದ ಸುದ್ದಿ ಬಂದರೆ ದೇಶದೊಳಗೆ ಹೋಗುವ ವಿಷಯ ನಾನು ಹೇಳುತ್ತೇನೆ, ಬಿಟ್ಟು ಬರುವ ವಿಷಯ ಭಟ್ಟರು ಹೇಳುತ್ತಾರೆ. ಜಕಾತಿಯ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತವಿಲ್ಲ.

ಹೆಸರು ಆ ಸಂಜೆಯೇ ಬಿತ್ತು. ಆದರೆ ನಾನು ಬಯಸಿದ್ದ ‘ಫಾರಿನ್’ ಅಲ್ಲ. ಯಾರೋ ಪುಣ್ಯಾತ್ಮ ಅದನ್ನು ಅಚ್ಚ ಕನ್ನಡಕ್ಕೆ ತಂದು ‘ಪರದೇಶಿ ಚನ್ನಬಸಪ್ಪ’ ಎಂದ. ಕೇಳಿದ ಹೆಂಡತಿ ಹಣೆ ಬಡಿದುಕೊಂಡಳು.

“ಪರದೇಶಿ ಅಂದ್ರ ದಿಕ್ಕಿಲ್ಲದಾಂವ ಅಂತ್ರಿ. ಇಷ್ಟು ಮಂದಿ ಬಳಗ ಇಟ್ಕೊಂಡು ಪರದೇಶಿ ಅನಿಸ್ಕೊಂಡ್ರಿ.”

ಅವಳು ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನಾನೂ ಯೋಚನೆ ಮಾಡಿದೆ. ಪೇಟೆ ಕೊಟ್ಟ ಹೆಸರನ್ನು ವಾಪಸು ಮಾಡಲು ಬರುವುದಿಲ್ಲ. ಮಾಲು ಹೇಗಿದೆಯೋ ಹಾಗೆ ಮಾರಬೇಕು. ‘ಪರದೇಶಿ ರೇಡಿಯೋ ಅಂಗಡಿ’ ಎಂದು ಬೋರ್ಡು ಬರೆಸಿ ತೂಗುಹಾಕಿದೆ. ಓದಿ ನಗಲು ಬಂದವರು ಒಳಗೆ ಬಂದರು, ಬಂದವರು ಕೇಳಿದರು, ಕೇಳಿದವರು ಕೊಂಡರು. ಈಗ ವಾನಳ್ಳಿಯಲ್ಲಿ ಕಂಬ ನಿಂತು ವಿದ್ಯುತ್ತು ಬಂದಿದೆ. ಮಳೆ ಬಂದರೆ ಹೋಗುತ್ತದೆ. ಹೋದಾಗ ಜನ ರೇಡಿಯೋದ ಅಂಗಡಿಗೇ ಓಡಿಬಂದು ಗ್ಯಾಸ್ ಬತ್ತಿ ಕೇಳುತ್ತಾರೆ. ಹಳೆಯ ಬತ್ತಿಗಳು ಹಿಂದಿನ ಗೋಡೆಯಲ್ಲಿ ಇನ್ನೂ ಇವೆ. ಗಾಜು ಹೊಸದು ಹಾಕಿಸಿದ್ದೇನೆ.

ಪರದೇಶಕ್ಕೆ ಹೊರಟ ಓದುಗರಿಗೆ ನಾನು ಹೇಳುವುದು ಹೆಚ್ಚಿಲ್ಲ. ಅಂಗಡಿಯವನು ಮೊದಲ ಬೆಲೆಗೇ ಒಪ್ಪಿದರೆ ಮಾಲನ್ನು ಪರೀಕ್ಷಿಸುತ್ತ ಕೂರಬೇಡಿ, ದೇಶವನ್ನು ಪರೀಕ್ಷಿಸಿ. ಮಧ್ಯಾಹ್ನ ಮಲಗುವ ಊರಿನಲ್ಲಿ ಕೊಡೆಯನ್ನು ಕಂಕುಳಿಂದ ಇಳಿಸಬೇಡಿ. ದೀಪ ಕೊಂಡುಹೋದರೆ ಹಗಲಿನಲ್ಲೂ ಹಚ್ಚಲು ತಯಾರಿರಿ, ಯಾರದಾದರೂ ಮಗಳ ಮದುವೆ ಇರುತ್ತದೆ. ಮತ್ತು ಚೌಕಿಯಲ್ಲಿ ಮುದ್ರೆಯವನು ಇನ್ನೂ ಇರುವಾಗ, ಅವನು ಏನೇ ಹೇಳಲಿ, ಚಹಾ ಕುಡಿಸಿ, ಊರ ಸುದ್ದಿ ಕೇಳಿ, ಹಾಡು ಹಾಡಿಯಾದರೂ ಸರಿ, ಬರುವ ಮುದ್ರೆಯನ್ನು ಹೋಗುವಾಗಲೇ ಒತ್ತಿಸಿಕೊಂಡುಬಿಡಿ.